ಪೀಣ್ಯದಿಂದ ಹೆಬ್ಬಗೋಡಿಗೆ, ಒಂದು ಕಿವಿ ಪರೀಕ್ಷೆಗೆ

ಶನಿವಾರ ಬೆಳಿಗ್ಗೆ ಎಂಟಕ್ಕೆ ಈರಣ್ಣನವರೂ ನಾನೂ ಪೀಣ್ಯದಲ್ಲಿ ಮೆಟ್ರೋ ಹತ್ತಿದೆವು. ಹೆಬ್ಬಗೋಡಿಗೆ ತಲಾ ತೊಂಬತ್ತು ರೂಪಾಯಿ. ಹತ್ತಿರದ ಆಸ್ಪತ್ರೆಯವರು ಅವರ ಕಿವಿ ಪರೀಕ್ಷೆಗೆ ಮುಂದಿನ ತಿಂಗಳು ಬನ್ನಿ ಎಂದಿದ್ದರು. ಅಷ್ಟು ದಿನ ಕಾಯುವ ಧೈರ್ಯ ನನಗಿರಲಿಲ್ಲ. ಹೆಬ್ಬಗೋಡಿಯ ಕ್ಲಿನಿಕ್ಕಿನಲ್ಲಿ ಈ ಶನಿವಾರಕ್ಕೇ ಸಮಯ ಸಿಕ್ಕಿತ್ತು.

ಈರಣ್ಣ ಬಾಗಲಕೋಟೆ ಕಡೆಯವರು. ನಾನು ಮಾಲಿನ ತಪಾಸಣೆ ಕೆಲಸ ಮಾಡುವ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ತಗಡು ಒತ್ತುವ ಪ್ರೆಸ್ ನಡೆಸುತ್ತಾರೆ. ಮಂಗಳವಾರ ಅವರ ಬೆನ್ನ ಹಿಂದೆ ಫೋರ್ಕ್‌ಲಿಫ್ಟ್ ಹಿಮ್ಮುಖವಾಗಿ ಬರುತ್ತಿತ್ತು. ಹಾರ್ನ್ ಬಡಿದುಕೊಳ್ಳುತ್ತಲೇ ಇತ್ತು. ನಾನೂ ಕೂಗಿದೆ. ಅವರು ತಿರುಗಲಿಲ್ಲ. ನಾನು ಓಡಿ ಅಂಗಿ ಹಿಡಿದು ಎಳೆದಾಗ ಗಾಡಿ ಒಂದು ಗೇಣು ದೂರದಲ್ಲಿತ್ತು. ಈಗ ರೈಲಿನ ಬಾಗಿಲು ಬೀಪ್ ಎಂದಾಗಲೆಲ್ಲ ನನ್ನ ಕೈ ತಾನಾಗಿ ಅವರ ತೋಳು ಹಿಡಿಯುತ್ತಿತ್ತು.

“ನಾ ಎಲ್ಲೂ ಓಡಿಹೋಗಂಗಿಲ್ರಿ ಮೇಡಂ,” ಎಂದು ನಕ್ಕರು.

ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾದೆವು. ನಿಲ್ಲಲಷ್ಟೇ ಜಾಗ. “ಹೋದ ವರ್ಷ ಕಾರ್ಖಾನೆಯ ಕಿವಿ ಪರೀಕ್ಷೆ ಕ್ಯಾಂಪಲ್ಲಿ ಪಾಸಾದ್ರಲ್ಲ, ಹೇಗೆ?” ಎಂದು ಕೇಳಿದೆ. ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಮಾತಾಡುವಾಗ ಹಾಗೆ ಮುಖವನ್ನೇ ನೋಡುವುದನ್ನು ಇಷ್ಟು ವರ್ಷ ನಾನು ಮರ್ಯಾದೆ ಎಂದುಕೊಂಡಿದ್ದೆ.

“ಟೆಸ್ಟ್ ಮಾಡಾವ್ರು ಗುಂಡಿ ಒತ್ತಿದಾಗ ಅವರ ಹೆಗಲು ಅಳ್ಳಾಡ್ತಿತ್ರಿ. ಅದನ್ನ ನೋಡಿ ಕೈ ಎತ್ತಿದೆ. ನಮ್ಮ ಲೈನಿನಾಗ ಎಲ್ಲಾರೂ ಹಂಗೇ. ಕೇಳಸಂಗಿಲ್ಲ ಅಂದ್ರ ಪ್ರೆಸ್ ಮ್ಯಾಲಿಂದ ತಗದು ಕಸ ಹೊಡಿಯಾಕ ಹಾಕ್ತಾರ್ರಿ.”

ಹೆಬ್ಬಗೋಡಿಯಲ್ಲಿ ಬಿಸಿಲು ಆಗಲೇ ಚುರುಕಾಗಿತ್ತು. ತಟ್ಟೆ ಇಡ್ಲಿ ತಿಂದು, ಬೇಕರಿಯ ಮೇಲಿನ ಕ್ಲಿನಿಕ್ಕಿಗೆ ಹೋದೆವು. ಬೆಂಚಿನ ತುಂಬ ಇನ್ನೂ ಮಾತು ಬಾರದ ಮಕ್ಕಳು, ಅವರ ತಾಯಂದಿರು. ಶ್ರವಣ ತಜ್ಞೆ ಚಿಕ್ಕ ವಯಸ್ಸಿನವರು.

“ಹೂಡಿ, ಮಾರತ್ತಹಳ್ಳಿ, ಇಲ್ಲಿ, ಮೂರೂ ಕ್ಲಿನಿಕ್ಕಿಗೆ ನಾನೊಬ್ಳೇ ಮೇಡಂ, ಈ ಕೆಲಸಕ್ಕೆ ಜನಾನೇ ಸಿಗ್ತಿಲ್ಲ,” ಎಂದರು. “ಇನ್ನೂ ಓದ್ತಿರೋ ನನ್ನ ಜೂನಿಯರ್‌ಗಳಿಗೇ ಕೆಲಸಕ್ಕೆ ಬನ್ನಿ ಅಂತ ಫೋನ್ ಬರ್ತಿದೆ.”

ಆಮೇಲೆ ಈರಣ್ಣನವರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು.

“ಹಿಂಗ ಕುಂತ್ರ ನನಗ ಹೆಂಗ ಗೊತ್ತಾಗ್ಬೇಕ್ರಿ?” ಎಂದ ಈರಣ್ಣ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡರು.

ಪರೀಕ್ಷೆಯ ಕೋಣೆಯ ಗಾಜಿನಾಚೆಯಿಂದ ನೋಡಿದೆ. ಅವರ ಕೈ ಬಹಳ ಹೊತ್ತು ತೊಡೆಯ ಮೇಲೆಯೇ ಇತ್ತು.

“ಚಲೋ ಐತಿ ಅಂತ ಬರದುಬಿಡ್ರಿ ಅಕ್ಕಾ,” ಎಂದು ಹೊರಬಂದವರೇ ಕೇಳಿಕೊಂಡರು.

“ಆಗಲ್ಲ ಅಣ್ಣ. ಹಾರ್ನ್ ಜೊತೆ ದೀಪದ ಸಿಗ್ನಲ್ ಇಟ್ರೆ ಇದೇ ಕೆಲಸ ಮಾಡ್ಬಹುದು ಅಂತ ಬರೀತೀನಿ. ಕಿವಿ ಮಿಷನ್ನೂ ಕೊಡ್ತೀನಿ, ಪ್ರೆಸ್ ಸದ್ದಲ್ಲಿ ಬೇಡ, ಮನೇಲಿ ಹಾಕ್ಕೊಳ್ಳಿ.”

ದೀಪದ ಸಿಗ್ನಲ್ ಇಡಲು ಮಾಲೀಕರು ಒಪ್ಪುವರೇ ಎಂಬುದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ವಾಪಸು ಬಂದು ಪೀಣ್ಯದಲ್ಲಿ ಇಳಿದ ಮೇಲೆ ವರದಿಯನ್ನು ಸೋಮವಾರ ನಾನೇ ಕೊಡಲೇ ಎಂದು ಕೇಳಿದೆ. ಅವರು ಲಕೋಟೆಯನ್ನು ತಮ್ಮ ಅಂಗಿಯೊಳಗೆ ಸೇರಿಸಿಕೊಂಡರು.

“ನಾನೇ ಕೊಡ್ತೀನ್ರಿ. ನೀವು ಬಾಜೂಕ ನಿಂದರ್ರಿ ಸಾಕು. ಸಾಹೇಬ್ರು ಗ್ವಾಡಿ ಕಡೆ ತಿರುಗಿ ಬೈದ್ರ, ಏನಂದ್ರು ಅಂತ ನನಗ ಹೇಳಾಕ ಒಬ್ರು ಬೇಕಲ್ರಿ.”