ಹಬ್ಬಿಗೆ ಮೆತ್ತಿದ ಗ್ರೀಸು

ಗೆಳೆಯರೇ, ಇವತ್ತು ಬೆಳಿಗ್ಗೆ ಜಯನಗರದ ಗ್ಯಾರೇಜಿನಿಂದ ಸರ್ವಿಸಿಗೆ ಬಿಟ್ಟಿದ್ದ ಜೀಪು ತರುವ ಮುನ್ನ ಮುಂದಿನ ಚಕ್ರಗಳ ನಡುವಿನ ಹಬ್ ತಿರುಗಿಸಿ ನೋಡಿದೆ. ಎರಡೂ ಲಾಕ್ ಆಗಲಿಲ್ಲ. ಅವನ್ನು ಕೈಯಿಂದ ಲಾಕ್ ಮಾಡಿದರೆ ಮಾತ್ರ ಮುಂದಿನ ಚಕ್ರಗಳೂ ಕೆಸರಿನಲ್ಲಿ ಗಾಡಿಯನ್ನು ಎಳೆಯುತ್ತವೆ. ನಾಳೆ ದೂರದ ಹಳ್ಳಿಯೊಂದರಿಂದ ತುಂಬು ಬಸುರಿ ತಂಗಿಯನ್ನು ಕರೆತರಬೇಕು. ಆ ಹಳ್ಳಿಯ ದಾರಿ ಮಳೆಗೆ ಗದ್ದೆಯಾಗಿದೆ.

“ಹಬ್ ಬಿಚ್ಚೇ ಇಲ್ಲ ನೀನು,” ಎಂದೆ ಮೆಕ್ಯಾನಿಕ್ ಮುನಿರಾಜುವಿಗೆ.

“ಬಿಚ್ಚಿ, ತೊಳ್ದು, ಗ್ರೀಸ್ ಹಾಕಿದೀನಿ ಸಾರ್.”

“ನನ್ನೆದುರಿಗೆ ಬಿಚ್ಚು.”

ಅವನು ಎರಡೂ ಹಬ್ಬುಗಳ ಬೋಲ್ಟು ಬಿಚ್ಚಿ ಮುಚ್ಚಳ ತೆಗೆದ. ಒಳಗೆ ಬೆಣ್ಣೆ ಮೆತ್ತಿದಂತೆ ಗ್ರೀಸು ತುಂಬಿತ್ತು. ತೆಳುವಾಗಿ ಸವರಬೇಕಾದ ಜಾಗ ಅದು. ಲಾಕಿನ ಹಲ್ಲುಗಳು ಸರಿದು ಕೂರಲು ಎಡೆಯೇ ಇರಲಿಲ್ಲ.

“ಇಷ್ಟು ವರ್ಷ ಕೆಲಸ ಮಾಡಿದೀಯ, ಇದು ಗೊತ್ತಿಲ್ವೇನಯ್ಯ?”

“ಗೊತ್ತು ಸಾರ್. ಹೋದ್ಸಲ ತೆಳ್ಳಗೆ ಸವರಿದ್ದಕ್ಕೆ, ಗ್ರೀಸ್ ಕದ್ದಿದೀಯ ಅಂತ ಎಲ್ರ ಮುಂದೆ ಬೈದ್ರಿ. ಅದಕ್ಕೇ ಈ ಸಲ ನೀವು ತಂದ್ಕೊಟ್ಟ ಡಬ್ಬಿ ಪೂರ್ತಿ ಒಳಗೇ ತುಂಬ್ಬಿಟ್ಟೆ.”

ಹಾಗೆ ಬೈದದ್ದು ನಿಜ. ಎರಡು ವರ್ಷದ ಹಿಂದಿನ ಮಾತಾದರೂ ಅವನು ಒಂದಕ್ಷರ ಮರೆತಿಲ್ಲ. ಅನುಮಾನಕ್ಕೆ ನನಗೆ ಕಾರಣಗಳಿದ್ದವು.

ಮುನಿರಾಜು ಹೆಚ್ಚಿನ ಗ್ರೀಸನ್ನೆಲ್ಲ ಬೆರಳಿನಿಂದ ಬಳಿದು ತೆಗೆದ. ಮುಚ್ಚಳ ಹಾಕಿ ತಿರುಗಿಸಿದಾಗ ಎರಡು ಹಬ್ಬುಗಳೂ ಟಕ್ಕೆಂದು ಲಾಕ್ ಆದವು. ನಾಳೆ ತಂಗಿ ಕೆಸರಿನಲ್ಲಿ ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ.

ಬಳಿದ ಗ್ರೀಸನ್ನು ಅವನು ತನ್ನ ಡಬ್ಬಿಗೆ ಹಾಕಿಕೊಂಡ. ನಾನು ನೋಡಿದೆ, ಆದರೆ ಈ ಸಲ ಬಾಯಿ ಬಿಡಲಿಲ್ಲ.