ಮೊದ್ಲು ಬಕ್ರಿ, ಆಮ್ಯಾಲೆ ಗಿರಾಕಿ

ಡಾಕ್ಟರರ ದನಿ ತೆಗೆದು ಮೆಹಬೂಬ್ ಚಾಚಾರಿಗೆ ಸುಳ್ಳು ಆಸೆ ಹುಟ್ಟಿಸಿದ ಶಾಣ್ಯಾ ನಾನೇ. ದಾಂಡೇಲಿಯಲ್ಲಿ ನಾನು ಅಣಕಿಸದ ಮನುಷ್ಯನಿಲ್ಲ, ಕನ್ನಡಿಯೊಳಗಿನವನನ್ನೂ ಬಿಟ್ಟಿಲ್ಲ. ಆ ಒಂದು ದನಿಯನ್ನು ಮಾತ್ರ ಮತ್ತೆ ತೆಗೆದಿಲ್ಲ.

ಚಾಚಾರ ಗ್ಯಾರೇಜು ನನ್ನ ಮೊಬೈಲ್ ಅಂಗಡಿಗೆ ಅಂಟಿಕೊಂಡಿತ್ತು. ಬಾಗಿಲಲ್ಲಿ ಸದಾ ಅವರದೊಂದು ಮುದಿ ಮೊಪೆಡ್. ಹೆಸರು ಬಕ್ರಿ, ಅಂದರೆ ಆಡು. ಹೊಸ ಆಯಿಲ್ ಬರಲಿ, ಕ್ಲಚ್ ವೈರ್ ಬರಲಿ, ಮೊದಲು ಬಕ್ರಿಗೆ ಹಾಕಿ, ಗಣೇಶಗುಡಿಯ ಏರು ಹತ್ತಿಸಿ ಇಳಿಸಿದ ಮೇಲೆಯೇ ಬೇರೆಯವರ ಗಾಡಿಗೆ. "ಮೊದ್ಲು ಬಕ್ರಿ, ಆಮ್ಯಾಲೆ ಗಿರಾಕಿ." ಒಮ್ಮೆ ಅಗ್ಗದ ಬ್ರೇಕ್ ಶೂ ಬಂದಾಗ "ಚಲೋ ಅದಾವಲ್ಲ ಚಾಚಾ" ಎಂದಿದ್ದೆ. ಏರಿನಲ್ಲಿ ಬಿದ್ದು ಮೊಣಕೈ ಕೆತ್ತಿಸಿಕೊಂಡು, ಬಕ್ರಿಯನ್ನು ದೂಡುತ್ತ ಬಂದವರು ಇಡೀ ಡಬ್ಬಿಯನ್ನು ಗಟಾರಕ್ಕೆಸೆದರು. ಅವರ ಕುಂಟು, ಬೈಗುಳ, ಕೆಮ್ಮು ಎಲ್ಲ ಅಲ್ಲೇ ಮಾಡಿ ತೋರಿಸಿದೆ. "ಕೆಮ್ಮು ಬರಾಬರ್ ಆಗಿಲ್ಲ ಬೇಟಾ, ಇನ್ನೊಮ್ಮೆ ಕೆಮ್ಮು" ಎಂದರು.

ಪಿತ್ತಕೋಶದ ಕಲ್ಲೊಂದು ಜಾರಿ ಅವರ ಮೇದೋಜೀರಕ ಗ್ರಂಥಿಗೆ ಉರಿಯೂತ ಹಚ್ಚಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೊಟ್ಟೆ ಡೋಲಿನಂತೆ ಬಿಗಿದು, ಗೋಡೆಗೆ ಮುಖ ಮಾಡಿದವರು ಮಾತೇ ಬಿಟ್ಟರು. "ಏನರ ಮಾಡಿ ನಗಸಪಾ" ಎಂದರು ಜೈನಬ್ ಚಾಚಿ.

ಆಗಷ್ಟೇ ಮೊಬೈಲಿನಲ್ಲಿ ಓದಿದ್ದೆ: ಇದೇ ರೋಗ ಬರಿಸಿದ ಇಲಿಗಳಿಗೆ ಪೆಪ್ಟೈಡ್ ಅನ್ನುವ ಪ್ರೋಟೀನಿನ ತುಣುಕು ಚುಚ್ಚಿದರೆ ಬಾವು ಇಳಿಯಿತಂತೆ. ಪರದೆಯ ಹಿಂದೆ ನಿಂತು ಡಾಕ್ಟರರ ಮೂಗುದನಿಯಲ್ಲಿ, "ಚಿಂತಿ ಬ್ಯಾಡ್ರಿ, ಹೊಸಾ ಪೆಪ್ಟೈಡ್ ಇಂಜೆಕ್ಷನ್ ಬಂದೈತಿ" ಎಂದೆ. ಇಲಿಯ ಸುದ್ದಿ ಎತ್ತಲಿಲ್ಲ.

ಪರದೆ ಸರಿಸಿ ಹಲ್ಲು ಕಿರಿಯುವುದಷ್ಟೇ ಬಾಕಿ ಇತ್ತು. ಅಷ್ಟರಲ್ಲಿ ಚಾಚಾ ಈಚೆ ಹೊರಳಿ, "ಗ್ಯಾರೇಜ್ ಕೀಲಿ ಎಲ್ಲಿಟ್ಟಿ?" ಎಂದು ಚಾಚಿಯನ್ನು ಕೇಳುತ್ತಿದ್ದರು. ನಾನು ಪರದೆ ಸರಿಸದೆ ಹಿಂದಿನಿಂದಲೇ ಹೊರಗೆ ನಡೆದೆ.

ಮರುದಿನ ನಿಜವಾದ ಡಾಕ್ಟರರು ಬಂದರು. "ಸಾಬ್, ಆ ಇಂಜೆಕ್ಷನ್ ಯಾವಾಗ?" ಎಂದು ಚಾಚಾ ಕೇಳಿದರು. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಡಾಕ್ಟರರು ನನ್ನನ್ನು ಬೈಯದೆ ಚಾಚಾರ ಕಡೆ ತಿರುಗಿದರು. "ಅದಿನ್ನೂ ಇಲಿ ಮ್ಯಾಲಿನ ಪ್ರಯೋಗ ರೀ. ಮನುಷ್ಯಾರಿಗೆ ಆಗ್ತೈತೋ ಇಲ್ಲೋ, ಯಾರಿಗೂ ಗೊತ್ತಿಲ್ಲ."

ಚಾಚಾ ಏದುಸಿರು ಬಿಡುತ್ತ ಬಕ್ರಿಯ ಕಥೆಯನ್ನೆಲ್ಲ ಅವರಿಗೆ ಹೇಳಿದರು. "ಇಲಿ ಪಾಳಿ ಆತಲ್ಲ, ಈಗ ನಾ ಬಕ್ರಿ ಆಗ್ತೇನಿ. ಹಾಕ್ರಿ."

ಆ ವಾರ ಮುಗಿಯುವುದರೊಳಗೆ ಚಾಚಾ ತೀರಿಹೋದರು. ಮೊಪೆಡ್ಡು ಮುಚ್ಚಿದ ಶಟರಿಗೆ ಒರಗಿಕೊಂಡೇ ಇದೆ. ಅವತ್ತು ಡಾಕ್ಟರರು ಅವರ ಕೈ ಹಿಡಿದು ಹೇಳಿದ್ದು ಇಷ್ಟು:

"ನಮ್ಮ ಬಕ್ರಿ ಇನ್ನೂ ಏರಿನ್ಯಾಗ ಐತಿ ಚಾಚಾ, ಇಳದು ಬಂದಿಲ್ಲ. ನೀವು ಗಿರಾಕಿ."