ನಯವಾಗಿ ಬೆಸೆದದ್ದೇ ತಪ್ಪಾಯಿತು

ಸಿಂಗಪುರದ ಉಬಿ ಬಡಾವಣೆಯ ವರ್ಕ್‌ಶಾಪುಗಳ ಸಾಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂಲೆಯ ಶೆಡ್ಡಿನ ಶಟರ್ ಮಾತ್ರ ಅರ್ಧ ಎತ್ತಿದೆ. ಒಳಗೆ ಕೆಂಪು ಬಣ್ಣದ ಹಳೆಯ ಅಮೆರಿಕನ್ ಕಾರಿನ ಡಿಕ್ಕಿಯೊಳಗೆ ಸೊಂಟದವರೆಗೂ ಬಗ್ಗಿ ಕೂಸಪ್ಪ ವೆಲ್ಡಿಂಗ್ ಮಾಡುತ್ತಿದ್ದಾರೆ. ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಹೊರಗಿಟ್ಟಾಗಿದೆ. ಕಿಡಿ ಹಾರಿ ಬಣ್ಣ ಸುಡದಿರಲೆಂದು ಸುತ್ತಲೂ ಒದ್ದೆ ಗೋಣಿ ಹಾಸಿದ್ದಾರೆ. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, ಮುಖದ ಕವಚ ಎತ್ತಿ, ಈಗಷ್ಟೇ ಹಾಕಿದ ಬೆಸುಗೆಗೆ ಟಾರ್ಚ್ ಬಿಟ್ಟು ನೋಡುತ್ತಾರೆ. ಗಂಟುಗಂಟಾಗಿ, ಅಲ್ಲಲ್ಲಿ ಸೋರಿ, ನೋಡಿದರೆ ಕೆಲಸ ಕಲಿಯಲು ಬಂದವನ ಮೊದಲ ದಿನದ ಕೆಲಸದಂತಿದೆ.

"ಸಾಕಾ ಇಷ್ಟು ಕೆಟ್ಟದಾಗಿದ್ರೆ? ಇನ್ನೂ ಸ್ವಲ್ಪ ಹಾಳು ಮಾಡ್ಬೇಕಾ?" ಎಂದು ಪಕ್ಕದಲ್ಲಿ ನಿಂತ ನನ್ನನ್ನು ಕೇಳುತ್ತಾರೆ. ತಮಾಷೆಗಲ್ಲ, ನಿಜವಾಗಿಯೂ ಕೇಳುತ್ತಾರೆ.

ಹೌದು, ನೀವು ಸರಿಯಾಗಿಯೇ ಓದಿದಿರಿ. ಐವತ್ತಾರು ದಾಟಿದ ಈ ಟಿಂಕರ್, ಅಂದರೆ ತಗಡು ಬಡಿದು ಬೆಸೆದು ಗಾಡಿಯ ಮೈ ಸರಿಪಡಿಸುವವರು, ತಾವೇ ನಾಲ್ಕು ವರ್ಷ ಕೂತು ಮಾಡಿದ ಕೆಲಸವನ್ನು ಈಗ ಮೂರು ದಿನದಿಂದ ಬೆಳಗಾಗೆದ್ದು ಬಂದು ಕೆಡಿಸುತ್ತಿದ್ದಾರೆ. ಕೆಡಿಸಿದರೆ ಮಾತ್ರ ಕಾರು ಮಾರಾಟವಾಗುತ್ತದಂತೆ. ಲೋಕದಲ್ಲಿ ಏನೇನು ನೋಡಬೇಕೋ!

ಕೂಸಪ್ಪ ಕಾಪು ಕಡೆಯವರು. ಮಂಗಳೂರಿನಲ್ಲಿ ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಸುತ್ತಿಗೆ ಹಿಡಿದು ಕಲಿತರು. ಎಪ್ಪತ್ತರ ದಶಕದಲ್ಲಿ ಹಡಗು ರಿಪೇರಿಯ ಯಾರ್ಡಿನ ಕೆಲಸ ಹಿಡಿದು ಸಿಂಗಪುರಕ್ಕೆ ಬಂದರು. ಅಲ್ಲಿನ ಬಡಿತದ ಸದ್ದಿಗೆ ಬಲಗಿವಿ ಹೋಯಿತು. ಆಮೇಲೆ ಈ ವರ್ಕ್‌ಶಾಪ್ ಸೇರಿದವರು ಇಲ್ಲಿಯೇ ಉಳಿದುಬಿಟ್ಟರು. ಮನೆಯಿರುವ ಯಿಶುನ್‌ನಿಂದ ಮೊದಲ ರೈಲು ಹಿಡಿದು, ನಡುವೆ ಬದಲಿಸಿ, ಪಾಯಾ ಲೆಬಾರ್‌ನಲ್ಲಿ ಇಳಿದು ಉಳಿದ ದಾರಿ ನಡೆದೇ ಬರುತ್ತಾರೆ. ದಿನಕ್ಕೆ ಎರಡೋ ಮೂರೋ ಟ್ಯಾಕ್ಸಿ, ಒಂದು ವ್ಯಾನು. ಗುದ್ದಿಸಿಕೊಂಡು ಬಂದದ್ದು ಗುದ್ದೇ ಇಲ್ಲದ ಹಾಗೆ ವಾಪಸ್ ಹೋಗುತ್ತದೆ. ಮುಂಗೈ ತುಂಬ ಸುಟ್ಟ ಕಲೆಗಳು. ಬಗ್ಗಿ ಬಗ್ಗಿ ಬೆನ್ನು ಈಗ ನೆಟ್ಟಗಾಗಲು ಒಲ್ಲೆನ್ನುತ್ತದೆ.

"ನಮ್ಮ ಕೆಲಸದ ಹಣೆಬರಹವೇ ಅಷ್ಟು ಮಾರಾಯ್ರೆ," ಎನ್ನುತ್ತಾರೆ. "ಚೆನ್ನಾಗಿ ಮಾಡಿದ್ರೆ ಯಾರ ಕಣ್ಣಿಗೂ ಬೀಳಲ್ಲ. ಕಣ್ಣಿಗೆ ಬಿತ್ತು ಅಂದ್ರೆ ಬೈಗುಳ. ಗಿರಾಕಿ ಬಂದು ನೋಡ್ತಾನೆ, ಎಲ್ಲಿ ಗುದ್ದಿತ್ತು ಅಂತ್ಲೇ ಗೊತ್ತಾಗಲ್ಲ, ಕೀ ತಗೊಂಡು ಹೋಗ್ತಾನೆ. ಯಾರು ಮಾಡಿದ್ದು ಅಂತ ಇಷ್ಟು ವರ್ಷದಲ್ಲಿ ಒಬ್ಬನೂ ಕೇಳಿಲ್ಲ."

ಕೇಳುವ ದಿನ ಒಂದು ಬರುತ್ತದೆ ಎಂದು ಕೂಸಪ್ಪ ನಂಬಿದ್ದು ಈ ಕೆಂಪು ಕಾರಿನಿಂದ. ಇದು ಅರವತ್ತರ ದಶಕದ ಕೊನೆಯದು. ಎಂಟು ಸಿಲಿಂಡರಿನ ಎಂಜಿನ್, ಉದ್ದನೆಯ ಬಾನೆಟ್, ಬಟ್ಟೆಯ ಚಾವಣಿ ಮಡಚಿ ಹಿಂದಕ್ಕೆ ಹಾಕಿದರೆ ಆಕಾಶವೇ ಮೇಲ್ಛಾವಣಿ. ಯಾವನೋ ವಿದೇಶಿ ಬಿಟ್ಟುಹೋದದ್ದು ಯಾವುದೋ ಗೋದಾಮಿನ ಹಿಂದೆ ಕೊಳೆಯುತ್ತಿತ್ತು. ಅದನ್ನು ಕೊಂಡವರು ದ್ವಾರಕನಾಥ್, ಮೈಸೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಎಡಗಡೆ ಸ್ಟಿಯರಿಂಗಿನ ಗಾಡಿಯನ್ನು ಸಿಂಗಪುರದ ರಸ್ತೆಗೆ ಇಳಿಸುವ ಹಾಗಿಲ್ಲ ಎಂದು ಗೊತ್ತಿದ್ದೂ ಕೊಂಡರು. ಶೋಕಿ ಅಂದರೆ ಅದು! ಲಾರಿಯಲ್ಲಿ ಹೇರಿ ತಂದಾಗ ನೆಲದ ತಗಡು ಕೈಯಿಟ್ಟರೆ ಉದುರುತ್ತಿತ್ತಂತೆ.

ಟ್ಯಾಕ್ಸಿಗಳ ಕೆಲಸ ಮುಗಿದ ಮೇಲೆ, ಭಾನುವಾರಗಳಲ್ಲಿ, ಚೀನೀ ಹೊಸವರ್ಷಕ್ಕೆ ಇಡೀ ಬೀದಿ ಬಾಗಿಲು ಹಾಕಿದಾಗ ಕೂಸಪ್ಪ ಇದರ ಮುಂದೆ ಕೂತರು. ತುಕ್ಕು ಕೆರೆದರು. ಹೋದ ತಗಡನ್ನು ಕತ್ತರಿಸಿ, ಹೊಸದನ್ನು ಕೈಯಲ್ಲೇ ಬಡಿದು ಬಗ್ಗಿಸಿ ಕೂರಿಸಿದರು. ಬೆಸುಗೆಯನ್ನು ಉಜ್ಜಿ ಉಜ್ಜಿ, ಯಾರೂ ಕೈ ಹಾಕದ ಡಿಕ್ಕಿಯ ಒಳಗೂ ಗಾಜಿನಷ್ಟು ನಯ ಮಾಡಿದರು. ದ್ವಾರಕನಾಥ್ ಶನಿವಾರ ಬರುತ್ತಿದ್ದರು, ಕಾಫಿ ತರುತ್ತಿದ್ದರು, ಒಂದೆರಡು ಬೋಲ್ಟು ತಿರುಗಿಸಿ ಹೋಗುತ್ತಿದ್ದರು. ಒಮ್ಮೆ ಡಿಕ್ಕಿಯೊಳಗೆ ಬೆರಳಾಡಿಸಿ ಬೆರಗಾಗಿ ಅವರೇ ಅಂದರಂತೆ: "ಕೂಸಪ್ಪ, ಇದನ್ನ ಯಾವತ್ತಾದ್ರೂ ಸೇಲ್ ಮಾಡಿದ್ರೆ, ಬೈಯರ್ ಎದುರಿಗೆ ನಿಮ್ಮನ್ನ ಕಾರ್ ಪಕ್ಕ ನಿಲ್ಲಿಸ್ತೀನಿ. ಇದು ಇವರ ಕೈಕೆಲಸ ಅಂತ ನಾನೇ ಹೇಳ್ತೀನಿ. ಪ್ರಾಮಿಸ್."

ಕೂಸಪ್ಪ ಕೇಳಿರಲಿಲ್ಲ, ಅವರಾಗಿಯೇ ಅಂದದ್ದು. ಅಂದವರು ಮರೆತರು, ಕೇಳಿಸಿಕೊಂಡವರು ಮರೆಯಲಿಲ್ಲ.

ಈ ವರ್ಷ, ತೊಂಬತ್ತೆಂಟರಲ್ಲಿ, ಪೇಟೆ ಬಿದ್ದು ಬ್ಯಾಂಕುಗಳೆಲ್ಲ ನಡುಗುತ್ತಿರುವಾಗ ದ್ವಾರಕನಾಥರಿಗೂ ಶೋಕಿ ಸಾಕಾಯಿತು. ಅಮೆರಿಕದ ಸಂಗ್ರಹಕಾರನೊಬ್ಬ ಕಾರು ನೋಡಲು ಬರುತ್ತೇನೆ ಅಂದ. ಆ ಶನಿವಾರ ಕೂಸಪ್ಪನವರ ಹೆಂಡತಿ ಪ್ರಫುಲ್ಲಾ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿಕೊಟ್ಟರು. ವರ್ಕ್‌ಶಾಪಿಗೆ ಬಿಳಿ ಶರ್ಟು! ಬಣ್ಣದ ಕೆಲಸದ ಹುಡುಗರು ಮದುವೆಯಾ ಅಂಕಲ್ ಎಂದು ಕಾಲೆಳೆದರಂತೆ. ಇವರೂ ನಕ್ಕರು. ಶರ್ಟಿಗೆ ಗ್ರೀಸ್ ತಾಗದ ಹಾಗೆ ಮಾತ್ರ ಎಚ್ಚರದಿಂದ ಓಡಾಡಿದರು.

ಗಿರಾಕಿ ಬಂದ. ದ್ವಾರಕನಾಥ್ ಮೆಲ್ಲಗೆ, "ಕೂಸಪ್ಪ, ನೀವು ಸ್ವಲ್ಪ ಆ ಕಡೆ ಇರಿ, ಬೇಕಾದ್ರೆ ಕರೀತೀನಿ," ಅಂದರು. ಇವರು ಹೋಗಿ ಕಂಪ್ರೆಸರ್ ಪಕ್ಕ ನಿಂತರು. ಬಲಗಿವಿ ಇಲ್ಲದಿದ್ದರೇನು, ಎಡಗಿವಿ ಅತ್ತ ಕಡೆಗೇ ಇತ್ತು. ಬಾಗಿಲು ನೋಡಿ ಗಿರಾಕಿ ಹೊಗಳಿದ. ಬಾನೆಟ್ಟಿನ ಗೆರೆ ನೋಡಿ ಶಿಳ್ಳೆ ಹೊಡೆದ. ಪ್ರತಿ ಸಲವೂ ದ್ವಾರಕನಾಥ್, ವೀಕೆಂಡ್ ಎಲ್ಲ ನಾನು ಇಲ್ಲೇ ಕಳೆದೆ, ನನ್ನ ಕೈಯಾರೆ ಮಾಡಿದ್ದು, ಎನ್ನುತ್ತಾ ಹೋದರು. ಕೈಯಾರೆ! ಆ ಕೈಗೆ ಒಂದು ಗೀರೂ ಬಿದ್ದಿರಲಿಲ್ಲ.

"ಆಗ್ಲೂ ನಾನು ಅಂದ್ಕೊಂಡೆ, ಕೊನೆಗೆ ಹೇಳ್ತಾರೆ ಅಂತ," ಎನ್ನುತ್ತಾರೆ ಕೂಸಪ್ಪ. "ದೊಡ್ಡ ಮನುಷ್ಯರು, ಎಲ್ಲ ಮುಗಿದ ಮೇಲೆ ಹೇಳ್ತಾರೆ ಅಂತ."

ಗಿರಾಕಿ ಡಿಕ್ಕಿ ತೆಗೆಸಿದ. ಟಾರ್ಚ್ ಹಿಡಿದು ಒಳಗೆ ತಲೆ ಹಾಕಿದ. ಹೊರಗೆ ಬಂದಾಗ ಮುಖ ಬಿಗಿದಿತ್ತು. ಇಷ್ಟು ನಯ ಹೇಗೆ ಬಂತು ಎಂದು ಕೇಳಿದ. ಇಂಥ ಕಾರುಗಳು ಫ್ಯಾಕ್ಟರಿಯಿಂದ ಬಂದದ್ದೇ ಒರಟು ಬೆಸುಗೆಯಲ್ಲಿ, ಅವಸರದ ಕೆಲಸದಲ್ಲಿ. ಹಳೆಯ ಕಾರುಗಳ ನಮ್ಮ ಸ್ಪರ್ಧೆಯ ತೀರ್ಪುಗಾರರು ಆ ಒರಟನ್ನೇ ಹುಡುಕುತ್ತಾರೆ. ಇದು ಅಸಲಿಗಿಂತ ಚೆನ್ನಾಗಿದೆ, ಆದ್ದರಿಂದ ಅಸಲಿಯಲ್ಲ, ಎಂದು ತಲೆಯಾಡಿಸಿದ. ಯಾರು ಮಾಡಿದ್ದು ಇದನ್ನು ಎಂದು ಕೇಳಿಯೇಬಿಟ್ಟ.

ನೋಡಿ, ಇಪ್ಪತ್ತೈದು ವರ್ಷ ಯಾರೂ ಕೇಳದ ಪ್ರಶ್ನೆ.

"ಕೂಸಪ್ಪಾ!" ದ್ವಾರಕನಾಥ್ ಕೂಗಿದರು. "ಬನ್ನಿ ಇಲ್ಲಿ. ಇದೆಲ್ಲಾ ಇವರದ್ದೇ ಕೆಲಸ. ನಾನು ಹೇಳ್ತಾನೇ ಇದ್ದೆ, ಓವರ್ ಮಾಡ್ಬೇಡಿ ಅಂತ."

ಬಿಳಿ ಶರ್ಟು ಹಾಕಿಕೊಂಡು ಕೂಸಪ್ಪ ಕಾರಿನ ಪಕ್ಕ ಬಂದು ನಿಂತರು. ಮಾತು ಕೊಟ್ಟ ಹಾಗೆಯೇ ನಿಲ್ಲಿಸಿದರಲ್ಲ ಧಣಿ! ಥೂ, ಅದಕ್ಕಿಂತ ಕಂಪ್ರೆಸರ್ ಪಕ್ಕದ ಜಾಗವೇ ವಾಸಿಯಿತ್ತು. ಇವರು ತಲೆ ತಗ್ಗಿಸಿ, "ಸಾರಿ ಸರ್," ಅಂದರಂತೆ.

ಕೊನೆಗೆ ಒಪ್ಪಂದವಾಯಿತು. ಡಿಕ್ಕಿಯ ಬೆಸುಗೆಯನ್ನು ಫ್ಯಾಕ್ಟರಿಯ ಹಾಗೆ ಒರಟು ಮಾಡಿಕೊಡಬೇಕು, ಆಮೇಲೆ ಖರೀದಿ. ಗಿರಾಕಿ ಮಾದರಿಗೆಂದು ಅಸಲಿ ಬೆಸುಗೆಯ ಫೋಟೋ ಕೊಟ್ಟು ಹೋದ. ಆ ಫೋಟೋ ಎದುರಿಗಿಟ್ಟುಕೊಂಡು ಕೂಸಪ್ಪ ಗಂಟು ಹಾಕುತ್ತಿದ್ದಾರೆ, ಬೆರಳಿನಿಂದ ಸೀಲರ್ ಅಂಟನ್ನು ಎಲ್ಲೆಂದರಲ್ಲಿ ಬಳಿಯುತ್ತಿದ್ದಾರೆ. ವರ್ಕ್‌ಶಾಪಿನ ಹುಡುಗರು ಎದ್ದು ಬಂದು ನೋಡಬಾರದು ಎಂದೇ ಈ ಬೆಳಗಿನ ಜಾವದ ಕೆಲಸ. "ಕೈ ಕೇಳಲ್ಲ," ಎನ್ನುತ್ತಾರೆ. "ಗಂಟು ಬಿದ್ದ ಕೂಡ್ಲೇ ತಾನಾಗೇ ಉಜ್ಜೋ ಗ್ರೈಂಡರ್ ಕಡೆ ಹೋಗುತ್ತೆ. ಕೈಗೆ ಬೈಕೊಂಡು ಕೂತಿದೀನಿ."

ಮರುವಾರ ಗಿರಾಕಿ ಮತ್ತೆ ಬರುತ್ತಾನೆ. ಟಾರ್ಚ್ ಬಿಟ್ಟು ಗಂಟುಗಳ ಮೇಲೆ ಬೆರಳಾಡಿಸುತ್ತಾನೆ. ಬ್ಯೂಟಿಫುಲ್, ಬ್ಯೂಟಿಫುಲ್ ಎಂದು ಕೂಗಿ ಕೂಸಪ್ಪನವರ ಕೈ ಕುಲುಕುತ್ತಾನೆ. ದ್ವಾರಕನಾಥ್ ಈಗ ಹೆಗಲ ಮೇಲೆ ಕೈ ಹಾಕಿ, ಇವರು ನಮ್ಮ ಕೂಸಪ್ಪ, ಜೀನಿಯಸ್, ಎಂದು ಎರಡು ಸಲ ಹೆಸರು ಹೇಳುತ್ತಾರೆ. ಗಿರಾಕಿ ಕ್ಯಾಮೆರಾ ತೆಗೆಯುತ್ತಾನೆ. ಆ ಬೆಸುಗೆಯ ಮೇಲೆ ಬೆರಳಿಟ್ಟು ನಿಲ್ಲಬೇಕಂತೆ. ಕೂಸಪ್ಪ ಬೆರಳಿಡುತ್ತಾರೆ, ನಗಲು ಹೇಳಿದಾಗ ನಗುತ್ತಾರೆ.

ಲಾರಿ ಬಂದು ಕಾರನ್ನು ಬಂದರಿಗೆ ಒಯ್ದ ಮೇಲೆ, ಜೀವಮಾನದಲ್ಲಿ ಒಂದು ಸಲ ಅವರು ಬಾಯಿ ತೆರೆಯುತ್ತಾರೆ. "ಸರ್, ನೀವು ಅವತ್ತು ಹೇಳ್ತೀನಿ ಅಂದಿದ್ರಿ..."

"ಹೇಳಿದ್ನಲ್ಲ ಕೂಸಪ್ಪ! ನಿಮ್ಮ ಹೆಸರೇ ಹೇಳಿದೆ. ಫೋಟೋನೂ ತೆಗೆಸ್ದೆ. ಇನ್ನೇನ್ರೀ ಬೇಕು?"

ದ್ವಾರಕನಾಥರಿಗೆ ನಿಜವಾಗಿಯೂ ಅರ್ಥವಾಗಿಲ್ಲ. ಅದೇ ಹೊಟ್ಟೆ ಉರಿಸುವ ಸಂಗತಿ. ಕೂಸಪ್ಪ ಮಾತ್ರ ಅವರ ಪರವಾಗಿಯೇ ಮಾತಾಡುತ್ತಾರೆ: "ಪಾಪ, ಅವರ ಬ್ಯಾಂಕಲ್ಲೂ ಜನರನ್ನ ತೆಗೀತಾ ಇದ್ದಾರಂತೆ. ತಲೆ ಎಲ್ಲಿತ್ತೋ ಏನೋ." ಪಾಪ ಅನ್ನುವ ಮಾತು ಇವರ ಬಾಯಿಗೆ ಸಲೀಸಾಗಿ ಬರುತ್ತದೆ, ಇವರ ಬಗ್ಗೆ ಹಾಗೆ ಅನ್ನುವವರು ಯಾರೂ ಇಲ್ಲ.

ಫೋಟೋದ ಒಂದು ಪ್ರತಿ ಯಿಶುನ್‌ನ ಮನೆಗೂ ಬಂದಿದೆ. ಪ್ರಫುಲ್ಲಾ ಅದಕ್ಕೆ ಫ್ರೇಮ್ ಹಾಕಿಸಿ ಟಿವಿಯ ಮೇಲಿಟ್ಟಿದ್ದಾರೆ. "ಸೋ ನೈಸ್ ಲಾ ಪಪ್ಪಾ, ಯಾಕೆ ಹಾಗೆ ಮುಖ ಮಾಡ್ತೀರಿ?" ಎನ್ನುತ್ತಾಳೆ ಸಿಂಗಪುರದ ಇಂಗ್ಲಿಷಿನಲ್ಲೇ ಬೆಳೆದ ಮಗಳು ಅಕ್ಷಿತಾ. ಕೆಲಸ ಗೊತ್ತಿರುವ ಯಾರಾದರೂ ಮನೆಗೆ ಬಂದು ಅದನ್ನು ನೋಡಿಬಿಟ್ಟರೆ ಎಂಬ ಹೆದರಿಕೆ ಇವರಿಗೆ. ಹಳೆಯ ಯಾರ್ಡಿನ ಗೆಳೆಯ ಗೋಪಿನಾಥ್ ಊಟಕ್ಕೆ ಬರುತ್ತೇನೆ ಅಂದಾಗ ಫ್ರೇಮನ್ನು ಎತ್ತಿ ಬೀರುವಿನೊಳಗೆ ಇಟ್ಟರು. ಇಡೀ ಜನ್ಮದಲ್ಲಿ ಅವರ ಹೆಸರು ಹೊತ್ತಿರುವ ಕೆಲಸ ಅದೊಂದೇ, ಅದನ್ನೇ ಬಚ್ಚಿಡಬೇಕಾಗಿದೆ.

ಈಗ ಶೆಡ್ಡಿನಲ್ಲಿ ಕೆಂಪು ಕಾರಿದ್ದ ಜಾಗದಲ್ಲಿ ನೀಲಿ ಟ್ಯಾಕ್ಸಿ ನಿಂತಿದೆ, ಹಿಂದಿನ ಬಂಪರ್ ಒಳಗೆ ಹೋಗಿದೆ. ಕೂಸಪ್ಪ ಸುತ್ತಿಗೆ ಆರಿಸಿಕೊಳ್ಳುತ್ತಾರೆ. ನಿಮಗೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಮೊದಲು ಏನೂ ಇಲ್ಲ ಎನ್ನುತ್ತಾರೆ. ಆಮೇಲೆ ಸುತ್ತಿಗೆ ಕೆಳಗಿಟ್ಟು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಹತ್ತಿರ ಬರುತ್ತಾರೆ.

"ಡಿಕ್ಕಿಯ ಹಳೇ ಬೆಸುಗೆ ಕತ್ತರಿಸಿ ತೆಗೀರಿ ಅಂದಿದ್ರು. ನಾನು ತೆಗೀಲಿಲ್ಲ, ಕೈ ಬರ್ಲಿಲ್ಲ. ಅದರ ಮೇಲೇ ಗಂಟು ಕೂರಿಸಿದೀನಿ. ನಂದು ಅಡಿಯಲ್ಲಿ ಹಾಗೇ ಇದೆ. ನಾಲ್ಕು ವರ್ಷ ಆ ಕಾರಿನ ತುಕ್ಕು ಕೆರೆದವನು ನಾನು. ಈಗ ದಿನಾ ದೀಪ ಹಚ್ಚುವಾಗ ಬೇಡ್ಕೊಳ್ತೀನಿ, ಅದೊಂದು ಜಾಗಕ್ಕೆ ತುಕ್ಕು ಹಿಡೀಲಿ ಅಂತ. ಅಮೆರಿಕದ ಯಾವನಾದ್ರೂ ಟಿಂಕರ್ ಗ್ರೈಂಡರ್ ಹಾಕ್ಲಿ. ಗಂಟು ಉದುರುತ್ತೆ, ನಂದು ಸಿಗುತ್ತೆ. ಹೆಸರು ಅವನಿಗೆ ಗೊತ್ತಾಗೋದು ಬೇಡ. ಕೆಲಸ ಬಲ್ಲವನು ಯಾವನೋ ಮಾಡಿದ್ದು ಅಂತ ಅವನ ಬಾಯಲ್ಲಿ ಬಂದ್ರೆ ಸಾಕು."